ಎಷ್ಟು ಡಿಗ್ರಿ? ಮೊದಲು ಎಲ್ಲಿ ಎಂದು ಹೇಳಿ

ಆಮೆಯ ಗೂಡಿನಲ್ಲಿ ಎಷ್ಟು ಡಿಗ್ರಿ ಇರಬೇಕು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಮಾತು: ಗೂಡಿನಲ್ಲಿ ಎಲ್ಲಿ? ಬಲ್ಬಿನ ಕೆಳಗೋ, ಎದುರು ಮೂಲೆಯಲ್ಲೋ, ಮಣ್ಣಿನೊಳಗೋ, ಆಮೆಯ ಬೆನ್ನಿನ ಮೇಲೋ? ಹಗಲೋ, ರಾತ್ರಿಯೋ? ಕೇಳಿದವರಿಗೆ ಕಿರಿಕಿರಿಯಾಗುತ್ತದೆ. ಒಂದು ಸಂಖ್ಯೆ ಹೇಳಿ ಮುಗಿಸಬಾರದೇ ಎಂಬ ಮುಖ ಮಾಡುತ್ತಾರೆ. ಹೇಳಬಹುದಿತ್ತು, ಆದರೆ ಅಂಥ ಒಂದು ಸಂಖ್ಯೆಯೇ ಇಲ್ಲ.

ನಾನು 31 ವರ್ಷ ಒಂದು ಕಾರ್ಖಾನೆಯ ಕ್ಯಾಲಿಬ್ರೇಷನ್ ವಿಭಾಗದಲ್ಲಿದ್ದವಳು. ಯಾವ ಥರ್ಮಾಮೀಟರ್ ಸುಳ್ಳು ಹೇಳುತ್ತಿದೆ, ಎಷ್ಟು ಸುಳ್ಳು ಹೇಳುತ್ತಿದೆ ಎಂದು ಪತ್ತೆ ಹಚ್ಚುವುದೇ ನನ್ನ ಹೊಟ್ಟೆಪಾಡಾಗಿತ್ತು. ನಿವೃತ್ತಿಯಾದ ಮೇಲೂ ಆ ಚಾಳಿ ಬಿಟ್ಟಿಲ್ಲ. ಅಕ್ಕನ ಮಗ ಕೆಲಸಕ್ಕೆಂದು ದೂರ ಹೋಗುವಾಗ ‘ಚಿಕ್ಕಮ್ಮ, ಆರೇ ಆರು ತಿಂಗಳು ನೋಡಿಕೊಳ್ಳಿ’ ಎಂದು ತನ್ನ ಆಮೆಯನ್ನು ನಮ್ಮಲ್ಲಿ ಬಿಟ್ಟು ಹೋದ. ಒಂಬತ್ತು ವರ್ಷವಾಯಿತು. ಹರ್ಮನ್ ಜಾತಿಯ ನೆಲದಾಮೆ, ಚಿಪ್ಪಿನ ಉದ್ದ 16 ಸೆಂ.ಮೀ., ನಿಂತಾಗಿನ ಎತ್ತರ ಸುಮಾರು 8 ಸೆಂ.ಮೀ. ಪ್ರತಿದಿನ ಬೆಳಿಗ್ಗೆ ಎದ್ದೊಡನೆ ಗೂಡಿನ ನಾಲ್ಕು ಮೂಲೆಗಳಿಗೂ ಹೋಗಿ, ಮೂಗು ತಾಗಿಸಿ, ಏನೋ ತಪ್ಪು ಕಂಡುಹಿಡಿದವರಂತೆ ಒಂದು ಕ್ಷಣ ನಿಂತು ಮುಂದೆ ಸಾಗುವುದರಿಂದ ‘ಅಮಲ್ದಾರರು’ ಎಂದು ಹೆಸರಿಟ್ಟೆವು. ಅಂದಿನಿಂದ ಈ ಮನೆಯಲ್ಲಿ ಅವರನ್ನು ಬಹುವಚನ ಬಿಟ್ಟು ಯಾರೂ ಮಾತನಾಡಿಸಿಲ್ಲ.

ಮೊದಲ ಚಳಿಗಾಲದಲ್ಲೇ ಅಮಲ್ದಾರರು ಊಟ ಬಿಟ್ಟರು. ಗೂಡಿನ ಗೋಡೆಗೆ ಅಂಟಿಸಿದ್ದ ದುಂಡನೆಯ ಮುಳ್ಳಿನ ಥರ್ಮಾಮೀಟರ್ 28 ತೋರಿಸುತ್ತಿತ್ತು. ಆಮೆಯ ಜೊತೆಗೇ ಬಂದ ಸಾಮಾನು ಅದು, ಪರೀಕ್ಷಿಸದೆ ನಂಬಿದ್ದೆ. ನನ್ನ ವೃತ್ತಿಯವರಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ನಾಲ್ಕನೆಯ ದಿನ ಬುದ್ಧಿ ಬಂದು ಒಳ್ಳೆಯ ಡಿಜಿಟಲ್ ಥರ್ಮಾಮೀಟರಿನ ಪ್ರೋಬನ್ನು, ಅಂದರೆ ತಂತಿಯ ತುದಿಯಲ್ಲಿರುವ ಅಳೆಯುವ ಭಾಗವನ್ನು, ನೆಲದ ಮೇಲಿಟ್ಟು ನೋಡಿದರೆ, ಬಲ್ಬಿನ ಕೆಳಗೆ 24, ಎದುರು ತುದಿಯಲ್ಲಿ 19. ಗೋಡೆಯ ಮೇಲಿನ ಮುಳ್ಳು ಅಳೆಯುತ್ತಿದ್ದುದು ಮುಚ್ಚಳದ ಕೆಳಗೆ ಸೇರಿಕೊಂಡ ಬಿಸಿ ಗಾಳಿಯನ್ನು, ಅದೂ 3 ಡಿಗ್ರಿ ಹೆಚ್ಚಾಗಿ. ಆಮೆಯ ಬದುಕು ನಡೆಯುವುದು ನೆಲದಿಂದ 8 ಸೆಂ.ಮೀ. ಎತ್ತರದೊಳಗೆ. ಅದಕ್ಕಿಂತ ಮೇಲೆ ಎಷ್ಟು ಬಿಸಿಯಿದ್ದರೂ ಅದರ ಲೆಕ್ಕಕ್ಕೆ ಬರುವುದಿಲ್ಲ.

ಬಿಸಿ ತುದಿ, ತಂಪು ತುದಿ

ನಮ್ಮ ದೇಹ ತನ್ನ ಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಆಮೆಯ ದೇಹಕ್ಕೆ ಆ ಶಕ್ತಿ ಇಲ್ಲ. ಅದು ನಡೆದಾಡಿ ಬಿಸಿಯನ್ನು ಸಂಪಾದಿಸಬೇಕು, ಸಾಕೆನಿಸಿದಾಗ ನಡೆದೇ ತಂಪಿಗೆ ಹೋಗಬೇಕು. ಬಿಸಿ ಸಿಗದಿದ್ದರೆ ತಿಂದ ಸೊಪ್ಪು ಕರಗುವುದಿಲ್ಲ, ರೋಗಕ್ಕೆ ಎದುರು ನಿಲ್ಲುವ ಶಕ್ತಿಯೂ ಕುಗ್ಗುತ್ತದೆ. ತಂಪು ಸಿಗದಿದ್ದರೆ ಇನ್ನೂ ಬೇಗ ಸಾಯುತ್ತದೆ. ಹಾಗಾಗಿ ನಾವು ಮಾಡಬೇಕಾದ ಕೆಲಸ ಗೂಡನ್ನು ಬಿಸಿ ಮಾಡುವುದಲ್ಲ. ಗೂಡಿನ ಒಂದು ತುದಿಯನ್ನು ಮಾತ್ರ ಬಿಸಿ ಮಾಡಿ, ಇನ್ನೊಂದು ತುದಿಯನ್ನು ತಂಪಾಗಿ ಕಾಪಾಡುವುದು. ಎಲ್ಲಿರಬೇಕೆಂಬ ತೀರ್ಮಾನ ಆಮೆಯದು.

ಇದಕ್ಕೆ ಗೂಡು ಉದ್ದವಾಗಿರಲೇಬೇಕು. 60 ಸೆಂ.ಮೀ. ಉದ್ದದ ಗಾಜಿನ ತೊಟ್ಟಿಯಲ್ಲಿ ಬಲ್ಬು ಹಾಕಿದರೆ ಅರ್ಧ ಗಂಟೆಯಲ್ಲಿ ಇಡೀ ತೊಟ್ಟಿ ಒಂದೇ ಹದಕ್ಕೆ ಬರುತ್ತದೆ. ಆಮೆಗೆ ಹೋಗಲು ಜಾಗವೇ ಉಳಿಯುವುದಿಲ್ಲ. ಚಿಕ್ಕ ಆಮೆಗೂ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಎಂಬುದು ನಾನು ಒಪ್ಪುವ ಕನಿಷ್ಠ ಅಳತೆ. ನಮ್ಮದು ಹಳೆಯ ಪುಸ್ತಕದ ಕಪಾಟನ್ನು ಅಂಗಾತ ಮಲಗಿಸಿ, ನಡುವಿನ ಹಲಗೆಗಳನ್ನು ತೆಗೆದು ಮಾಡಿದ ಗೂಡು. ಒಳ ಉದ್ದ 180 ಸೆಂ.ಮೀ. ಮರ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೆಗೆ ಹೊರಗಿನದು ಕಾಣುವುದಿಲ್ಲವಾದ್ದರಿಂದ ಗಾಜನ್ನು ತಳ್ಳುತ್ತಾ ದಿನ ಕಳೆಯುವ ಗೋಳೂ ಇಲ್ಲ. ಗೂಡನ್ನು ನೆಲದ ಮೇಲೆ ನೇರವಾಗಿ ಇಡಬೇಡಿ. ಕೋಣೆಯಲ್ಲಿ ಅತ್ಯಂತ ತಣ್ಣಗಿನ ಗಾಳಿ ಇರುವುದು ನೆಲಕ್ಕೆ ಹತ್ತಿರದಲ್ಲಿ, ಬಾಗಿಲ ಸಂದಿಯಿಂದ ನುಸುಳುವುದೂ ಅಲ್ಲೇ. ಮೊಣಕಾಲೆತ್ತರದ ಕಾಲುಗಳ ಮೇಲೆ ಕೂರಿಸಿ, ಅಡಿಗೆ ಒಂದು ಪದರ ಥರ್ಮೋಕೋಲ್ ಹಾಕಿದ ಮೇಲೆ ನಮ್ಮ ಗೂಡಿನ ಮಣ್ಣಿನ ಬಿಸಿ 2 ಡಿಗ್ರಿ ಏರಿತು. ಒಂದು ವ್ಯಾಟ್ ವಿದ್ಯುತ್ತೂ ಹೆಚ್ಚು ಬೇಕಾಗಲಿಲ್ಲ. ಫ್ಯಾನಿನ ಕೆಳಗೆ, ಎಸಿಯ ಎದುರಿಗೆ, ಬಿಸಿಲು ನೇರವಾಗಿ ಬೀಳುವ ಕಿಟಕಿಯ ಪಕ್ಕ, ಈ ಮೂರು ಜಾಗ ಬೇಡವೇ ಬೇಡ.

ಇನ್ನು ಸಂಖ್ಯೆಗಳು. ಹರ್ಮನ್, ಗ್ರೀಕ್, ರಷ್ಯನ್ ಆಮೆಗಳಿಗೆ ಹಗಲಿನಲ್ಲಿ ಬಲ್ಬಿನ ಕೆಳಗೆ, ಬೆನ್ನಿನ ಎತ್ತರದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್. ಬಿಸಿ ತುದಿಯ ಗಾಳಿ 26ರಿಂದ 30. ತಂಪು ತುದಿ 20ರಿಂದ 22. ರಾತ್ರಿ 15ರಿಂದ 18ಕ್ಕೆ ಇಳಿದರೂ ಆರೋಗ್ಯವಂತ ಬೆಳೆದ ಆಮೆಗೆ ತೊಂದರೆಯಿಲ್ಲ. ಸಲ್ಕಾಟಾ ಮತ್ತು ಲೆಪರ್ಡ್ ಆಮೆಗಳು ಬಿಸಿನಾಡಿನವು: ಬಲ್ಬಿನ ಕೆಳಗೆ 35ರಿಂದ 38, ತಂಪು ತುದಿಯಲ್ಲೂ 24ರಿಂದ 27, ರಾತ್ರಿ 21ಕ್ಕಿಂತ ಕೆಳಗೆ ಬೇಡ. ಅವುಗಳ ಮರಿಗಳಿಗೆ ರಾತ್ರಿಯೂ 26 ಬೇಕು. ಕೆಂಪು ಕಾಲಿನ ಆಮೆ ಮಳೆಕಾಡಿನ ಅಂಚಿನದು. ಅದಕ್ಕೆ ಸುಡು ಬಿಸಿಲು ಬೇಡ, ಇಡೀ ಗೂಡು 27ರಿಂದ 30ರ ನಡುವೆ ತೇವವಾಗಿ ಇರಬೇಕು, ರಾತ್ರಿ 24. ಎಂದರೆ ಅಮಲ್ದಾರರಿಗೆ ಸುಖವೆನಿಸುವ ಗೂಡಿನಲ್ಲಿ ಕೆಂಪು ಕಾಲಿನ ಆಮೆ ನೆಗಡಿ ಹಿಡಿದು ಮಲಗುತ್ತದೆ. ನಿಮ್ಮಲ್ಲಿರುವುದು ಯಾವ ಜಾತಿ ಎಂದು ಖಚಿತವಿಲ್ಲದಿದ್ದರೆ ಮೊದಲು ಅದನ್ನು ತಿಳಿದುಕೊಳ್ಳಿ. ಆ ಜಾತಿಯನ್ನು ಸಾಕಲು ಕಾನೂನಿನಲ್ಲಿ ಅನುಮತಿ ಇದೆಯೇ ಎಂಬುದೂ ಅದರ ಜೊತೆಗೇ ಗೊತ್ತಾಗುತ್ತದೆ.

ಅಳೆಯುವ ಮೊದಲು ಅಳತೆಗೋಲನ್ನು ಅಳೆಯಿರಿ

ಇದು ನನ್ನ ಕ್ಷೇತ್ರ; ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಅಂಟಿಸುವ ಪಟ್ಟಿ, ದುಂಡನೆಯ ಮುಳ್ಳು, ಇವೆರಡನ್ನೂ ಮರೆತುಬಿಡಿ. ತಂತಿಯ ತುದಿಯಲ್ಲಿ ಪ್ರೋಬ್ ಇರುವ, ಕನಿಷ್ಠ ಹಾಗೂ ಗರಿಷ್ಠ ತಾಪಮಾನವನ್ನು ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್ ಎರಡು ಬೇಕು, ತುದಿಗೊಂದರಂತೆ. ನೀವು ಮಲಗಿದ್ದಾಗ, ಹೊರಗೆ ಹೋಗಿದ್ದಾಗ ಗೂಡಿನಲ್ಲಿ ಏನಾಯಿತು ಎಂದು ಹೇಳುವುದು ಆ ನೆನಪೇ. ನಾನು ನೋಡುವುದು ಆ ಕ್ಷಣದ ಅಂಕಿಯನ್ನಲ್ಲ, ನಿನ್ನೆಯ ಎರಡು ತುದಿಗಳನ್ನು.

ಹೊಸದಾಗಿ ತಂದ ಥರ್ಮಾಮೀಟರನ್ನು ನಂಬುವ ಮೊದಲು ಮಂಜುಗಡ್ಡೆಯ ಪರೀಕ್ಷೆ ಮಾಡಿ. ಒಂದು ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ ತುಂಬಿ, ಸಂದಿಗಳು ಮುಚ್ಚುವಷ್ಟು ಮಾತ್ರ ತಣ್ಣೀರು ಹಾಕಿ. ಪ್ರೋಬನ್ನು ತಳಕ್ಕೂ ಬದಿಗೂ ತಾಗದಂತೆ ನಡುವೆ ಹಿಡಿದು, ಮೂರು ನಾಲ್ಕು ನಿಮಿಷ ನಿಧಾನವಾಗಿ ಕಲಕುತ್ತಿರಿ. 0 ತೋರಿಸಬೇಕು. 1 ತೋರಿಸಿದರೆ ಅದು 1 ಡಿಗ್ರಿ ಸುಳ್ಳುಗಾರ ಎಂದು ಒಂದು ಚೀಟಿ ಬರೆದು ಅದರ ಬೆನ್ನಿಗೇ ಅಂಟಿಸಿ, ಎಸೆಯಬೇಕಾಗಿಲ್ಲ. ಸುಳ್ಳಿನ ಪ್ರಮಾಣ ಗೊತ್ತಿದ್ದರೆ ಅದರೊಂದಿಗೆ ಕೆಲಸ ಮಾಡಬಹುದು. ಆದರೆ ನಮಗೆ ಬೇಕಾದದ್ದು 30ರ ಆಸುಪಾಸಿನ ನಿಖರತೆಯಾದ್ದರಿಂದ ಎರಡನೆಯ ಪರೀಕ್ಷೆಯೂ ಬೇಕು. ಫ್ಲಾಸ್ಕಿನಲ್ಲಿ ಕೈಗೆ ಹಿತವೆನಿಸುವ ಬೆಚ್ಚನೆಯ ನೀರು ಹಾಕಿ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನೂ ಪ್ರೋಬನ್ನೂ ಒಟ್ಟಿಗೆ ಅದ್ದಿ. ಜ್ವರದ ಥರ್ಮಾಮೀಟರ್ ತನ್ನ ಕಿರಿದಾದ ವ್ಯಾಪ್ತಿಯಲ್ಲಿ ಮನೆಯಲ್ಲಿರುವ ಎಲ್ಲ ಉಪಕರಣಗಳಿಗಿಂತ ನಿಯತ್ತಿನದು. ನೀರು 36ರಿಂದ 38ರ ನಡುವೆ ಇರುವಾಗ ಎರಡೂ ಅರ್ಧ ಡಿಗ್ರಿಯೊಳಗೆ ಹೊಂದಿದರೆ ಪ್ರೋಬ್ ಉತ್ತೀರ್ಣ.

ಪಿಸ್ತೂಲಿನಂತೆ ಗುರಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದ್ದರೆ ಒಳ್ಳೆಯದು. ಕಲ್ಲು, ಮಣ್ಣು, ಚಿಪ್ಪು, ಯಾವುದರ ಮೇಲ್ಮೈ ಎಷ್ಟು ಬಿಸಿ ಎಂದು ಕ್ಷಣದಲ್ಲಿ ಹೇಳುತ್ತದೆ. ಆದರೆ ಗಾಳಿಯ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ. ಗಾಜಿನ ಆಚೆಯಿಂದ ಹಿಡಿದರೆ ಗಾಜಿನ ಬಿಸಿಯನ್ನೇ ಹೇಳುತ್ತದೆ. ಹೊಳೆಯುವ ಲೋಹದ ಮೇಲೆ ಹಿಡಿದರೆ ಏನೋ ಒಂದು ಹೇಳುತ್ತದೆ. ಆ ಕೆಂಪು ಚುಕ್ಕೆ ಗುರಿ ತೋರಿಸಲು ಮಾತ್ರ. ದೂರ ಹೋದಂತೆ ಅದು ಅಳೆಯುವ ವೃತ್ತ ಅಗಲವಾಗಿ, ಬಿಸಿ ಕಲ್ಲಿನ ಜೊತೆ ಪಕ್ಕದ ತಣ್ಣನೆಯ ಮಣ್ಣೂ ಸೇರಿಕೊಳ್ಳುತ್ತದೆ. 15 ಸೆಂ.ಮೀ. ಹತ್ತಿರ ಹಿಡಿಯಿರಿ. ಚುಕ್ಕೆ ಆಮೆಯ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಈಗ ಮುಖ್ಯ ವಿಷಯ. ಬಲ್ಬಿನ ಕೆಳಗಿನ ಬಿಸಿಯನ್ನು ನೆಲದ ಮೇಲೆ ಅಳೆದರೆ ಸಾಲದು. ಬಲ್ಬಿಗೆ ಹತ್ತಿರವಾದಂತೆ ಬಿಸಿ ಸರಸರನೆ ಏರುತ್ತದೆ. ದೂರ ಅರ್ಧವಾದರೆ ಬೀಳುವ ಶಾಖ ಸುಮಾರು ನಾಲ್ಕು ಪಟ್ಟು. ಆಮೆಯ ಬೆನ್ನು ನೆಲಕ್ಕಿಂತ 8 ಸೆಂ.ಮೀ. ಮೇಲಿದೆ. ನೆಲದಲ್ಲಿ 34 ಇದ್ದ ದಿನ ಅಮಲ್ದಾರರ ಬೆನ್ನೆತ್ತರದಲ್ಲಿ ನಾನು 40 ಕಂಡಿದ್ದೇನೆ. ಅದಕ್ಕೆಂದೇ ಒಂದು ನಕಲಿ ಅಮಲ್ದಾರರನ್ನು ತಯಾರು ಮಾಡಿಕೊಂಡಿದ್ದೇನೆ: ಅವರಷ್ಟೇ ಎತ್ತರದ, ಕಡುಬಣ್ಣದ ಮಣ್ಣಿನ ಬೋಗುಣಿ. ಅದನ್ನು ಬಲ್ಬಿನ ಕೆಳಗೆ ಬೋರಲು ಹಾಕಿ, ನೆತ್ತಿಗೆ ಪ್ರೋಬ್ ಕಟ್ಟಿ, ಒಂದು ಗಂಟೆ ಬಿಟ್ಟು ನೋಡುತ್ತೇನೆ. ಬಲ್ಬು ಬದಲಿಸಿದಾಗಲೆಲ್ಲ, ಎತ್ತರ ಬದಲಿಸಿದಾಗಲೆಲ್ಲ ಮೊದಲು ಬೆಂಕಿಗೆ ಕೂರುವುದು ಬೋಗುಣಿ. ಅದು ಪಾಸಾದ ಮೇಲೆಯೇ ಅಮಲ್ದಾರರ ಸರದಿ.

ಬಲ್ಬು, ಮತ್ತು ಬಲ್ಬಲ್ಲದ್ದು

ಹಗಲಿನ ಬಿಸಿಗೆ ನನ್ನ ಆಯ್ಕೆ ಹ್ಯಾಲೊಜೆನ್ ಫ್ಲಡ್ ಬಲ್ಬು. ಸೂರ್ಯನಂತೆ ಬೆಳಕು, ಶಾಖ ಎರಡನ್ನೂ ಒಟ್ಟಿಗೆ ಕೊಡುತ್ತದೆ, ಆ ಶಾಖ ಚರ್ಮದ ಮೇಲಷ್ಟೇ ನಿಲ್ಲದೆ ಸ್ವಲ್ಪ ಒಳಗೂ ಇಳಿಯುತ್ತದೆ. ‘ಸ್ಪಾಟ್’ ಎಂದು ಬರೆದಿರುವುದನ್ನು ತರಬೇಡಿ. ಅದರ ಕಿರಿದಾದ ಕಿರಣ ಚಿಪ್ಪಿನ ನೆತ್ತಿಯ ಮೇಲೆ ನಾಣ್ಯದಷ್ಟು ಜಾಗವನ್ನು ಕಾಯಿಸುತ್ತದೆ, ಕಾಲುಗಳು ತಣ್ಣಗೇ ಉಳಿಯುತ್ತವೆ. ಆಮೆ ಇನ್ನೂ ಬಿಸಿ ಸಾಲದೆಂದು ಕೂತೇ ಇರುತ್ತದೆ, ನೆತ್ತಿ ಒಣಗಿ ಸುಡುತ್ತಿರುತ್ತದೆ. ಇಡೀ ಆಮೆಯನ್ನು ಒಮ್ಮೆಗೇ ಆವರಿಸುವಷ್ಟು ಅಗಲದ ಬಿಸಿಲು ಬೇಕು. ದೊಡ್ಡ ಆಮೆಗೆ 100 ವ್ಯಾಟಿನ ಒಂದು ಬಲ್ಬಿಗಿಂತ 50 ವ್ಯಾಟಿನ ಎರಡು ಬಲ್ಬುಗಳನ್ನು ಪಕ್ಕಪಕ್ಕದಲ್ಲಿ ಹಾಕುವುದು ಮೇಲು.

ನಮ್ಮಲ್ಲಿ 75 ವ್ಯಾಟಿನ ಬಲ್ಬು ಮಣ್ಣಿನಿಂದ 40 ಸೆಂ.ಮೀ. ಮೇಲಿದೆ. ನಿಮ್ಮಲ್ಲೂ ಅಷ್ಟೇ ಇರಬೇಕೆಂದಿಲ್ಲ. ಕೋಣೆಯ ಚಳಿ, ಮುಚ್ಚಳ, ಬಲ್ಬಿನ ಹಿಂದಿನ ಬುಟ್ಟಿ ಎಲ್ಲವೂ ಲೆಕ್ಕವನ್ನು ಬದಲಿಸುತ್ತವೆ. ಬಲ್ಬನ್ನು ಸರಪಳಿಯಿಂದ ತೂಗುಹಾಕಿದರೆ ಒಂದೊಂದೇ ಕೊಂಡಿ ಏರಿಸಿ ಇಳಿಸಿ ಹದಕ್ಕೆ ತರಬಹುದು. ಸರಪಳಿ ಬೇಕು, ಬಲ್ಬಿನ ವಿದ್ಯುತ್ ತಂತಿಯಿಂದ ತೂಗುಹಾಕಬಾರದು, ಕ್ಲಿಪ್ಪನ್ನು ಮಾತ್ರ ನಂಬಿಯೂ ಇರಬಾರದು. ಕ್ಲಿಪ್ ಜಾರಿ ಒಣ ತೊಗಟೆಯ ಮೇಲೆ ಬಿದ್ದ ಬಲ್ಬು ಮನೆಯನ್ನೇ ಸುಡಬಲ್ಲದು. ಹೋಲ್ಡರ್ ಪಿಂಗಾಣಿಯದಾಗಿರಲಿ, ಪ್ಲಾಸ್ಟಿಕ್ ಹೋಲ್ಡರ್ ಈ ಬಿಸಿಗೆ ಕರಗುತ್ತದೆ.

ಬಲ್ಬಿನ ಕೆಳಗೆ ಒಂದು ಚಪ್ಪಟೆ ಕಡಪ ಕಲ್ಲೋ ಸ್ಲೇಟ್ ಕಲ್ಲೋ ಹಾಕಿ. ಕಲ್ಲು ಬಿಸಿಯನ್ನು ಕುಡಿದು ಮೆಲ್ಲಗೆ ಬಿಡುತ್ತದೆ. ಕಲ್ಲು ಮಣ್ಣಿಗೆ ಸಮನಾಗಿ ಕೂತಿರಬೇಕು. ಅಂಚು ಎತ್ತರವಾಗಿದ್ದರೆ ಹತ್ತುವಾಗ ಆಮೆ ಮಗುಚಿಬೀಳಬಹುದು. ಬಲ್ಬಿನ ಕೆಳಗೆ ಅಂಗಾತ ಬಿದ್ದ ಆಮೆ ತಂಪಿಗೆ ನಡೆದುಹೋಗಲಾರದು. ಮಾಡಿಕೊಟ್ಟ ಎಲ್ಲ ವ್ಯವಸ್ಥೆಯೂ ಅಲ್ಲಿಗೆ ವ್ಯರ್ಥ. ಬಿಸಿ ತುದಿಯಲ್ಲಿ ಹತ್ತುವಂಥದ್ದು ಏನೂ ಬೇಡ, ಗುಡ್ಡ ಬೆಟ್ಟಗಳೆಲ್ಲ ತಂಪು ತುದಿಯಲ್ಲಿರಲಿ.

ಅಡಿಯಿಂದ ಕಾಯಿಸುವ ಹೀಟ್ ಮ್ಯಾಟ್, ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲು, ಎರಡೂ ಬೇಡ. ಆಮೆಯ ಲೋಕದಲ್ಲಿ ಬಿಸಿ ಬರುವುದು ಮೇಲಿನಿಂದ, ತಂಪು ಸಿಗುವುದು ಕೆಳಗೆ. ಬಿಸಿ ಹೆಚ್ಚಾದಾಗ ಅದು ಮಣ್ಣು ತೋಡಿ ಕೆಳಗಿಳಿಯುತ್ತದೆ. ಅಡಿಯಲ್ಲಿ ಮ್ಯಾಟ್ ಇದ್ದರೆ ಇಳಿದಷ್ಟೂ ಬಿಸಿ. ಹೊಟ್ಟೆಯ ಕಡೆಯ ಚಿಪ್ಪು ಸುಟ್ಟರೂ ಅದು ಎದ್ದು ಹೋಗದೆ ಕೂತಿರಬಹುದು.

ಅಲ್ಟ್ರಾವಯಲೆಟ್ ದೀಪ ಬೇರೆಯದೇ ವಿಷಯ, ಆದರೂ ಇಲ್ಲಿ ಎರಡು ಮಾತು ಹೇಳಲೇಬೇಕು. ವಿಟಮಿನ್ ಡಿ ಹುಟ್ಟಲು ಬೇಕಾದ ಅಲ್ಟ್ರಾವಯಲೆಟ್ ಕಿರಣ, ಅಂದರೆ ಯುವಿ-ಬಿ, ಹ್ಯಾಲೊಜೆನ್ ಬಲ್ಬಿನಿಂದ ಸಿಗುವುದಿಲ್ಲ, ಕಿಟಕಿಯ ಗಾಜಿನ ಮೂಲಕವೂ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಟ್ಯೂಬ್ ಬೇಕು. ಆ ಟ್ಯೂಬನ್ನು ಬಿಸಿ ತುದಿಯಲ್ಲೇ, ಬಲ್ಬಿನ ಪಕ್ಕದಲ್ಲೇ ಹಾಕಬೇಕು. ಯುವಿ-ಬಿ ಬಿದ್ದಾಗ ಚರ್ಮದಲ್ಲಿ ಹುಟ್ಟುವ ವಸ್ತು ವಿಟಮಿನ್ ಡಿ3 ಆಗಿ ಮಾರ್ಪಡಲು ದೇಹದ ಬಿಸಿ ಬೇಕು. ತಣ್ಣನೆಯ ಮೂಲೆಯಲ್ಲಿ ಟ್ಯೂಬ್ ಉರಿಸಿದರೆ ಅರ್ಧ ಕೆಲಸವಷ್ಟೇ ನಡೆಯುತ್ತದೆ. ಬಲ್ಬು ಮತ್ತು ಟ್ಯೂಬ್ ಎರಡನ್ನೂ ಟೈಮರಿಗೆ ಹಾಕಿ, 12 ಗಂಟೆ ಹಗಲು, 12 ಗಂಟೆ ಕತ್ತಲೆ. ನಮ್ಮ ಮನೆಯಲ್ಲಿ 7ಕ್ಕೆ ಸೂರ್ಯೋದಯ. 7.20ಕ್ಕೆ ಅಮಲ್ದಾರರು ಕಲ್ಲಿನ ಮೇಲೆ ಹಾಜರು.

ಕಾವಲುಗಾರನಿಗೊಬ್ಬ ಕಾವಲುಗಾರ

ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿ ಹೀಟರನ್ನು ತಾನೇ ಏರಿಸಿ ಇಳಿಸುವ ಸಾಧನ, ಇಲ್ಲದೆ ಗೂಡು ಕಾಯಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಸರಿ. ಆದರೆ ಥರ್ಮೋಸ್ಟಾಟ್ ಎಂಬುದು ಕುರುಡ. ತನ್ನ ಪ್ರೋಬ್ ಎಲ್ಲಿದೆಯೆಂದು ಅದಕ್ಕೆ ಗೊತ್ತಿಲ್ಲ. ಎರಡನೆಯ ವರ್ಷ ಅಮಲ್ದಾರರು ಬಿಸಿ ತುದಿಯಲ್ಲಿ ನೆಟ್ಟಿದ್ದ ಪ್ರೋಬನ್ನು ತೋಡಿ ತೆಗೆದು, ತಂತಿ ಕಾಲಿಗೆ ಸಿಕ್ಕಿಸಿಕೊಂಡು, ತಂಪು ಮೂಲೆಯ ಒದ್ದೆ ಪಾಚಿಯ ತನಕ ಎಳೆದೊಯ್ದರು. ಥರ್ಮೋಸ್ಟಾಟಿಗೆ ಕಂಡದ್ದು 19. ‘ಅಯ್ಯೋ ಚಳಿ’ ಎಂದು ಅದು ಹೀಟರನ್ನು ಪೂರ್ತಿ ಉರಿಸುತ್ತಲೇ ಹೋಯಿತು. ನಾನು ಸಂಜೆ ಮನೆಗೆ ಬಂದಾಗ ಕಲ್ಲಿನ ಮೇಲೆ 49 ಡಿಗ್ರಿ. ಅಮಲ್ದಾರರು ಎದುರು ತುದಿಯಲ್ಲಿ, ಒದ್ದೆ ಮಣ್ಣಿನೊಳಗೆ ಮುಖ ಹುದುಗಿಸಿಕೊಂಡು, ಜೀವಂತವಾಗಿದ್ದರು. ಗೂಡು 60 ಸೆಂ.ಮೀ. ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆಮೇಲೆ ಕಾರ್ಖಾನೆಯ ಬುದ್ಧಿಯನ್ನು ಮನೆಗೆ ತಂದೆ. ಮೊದಲನೆಯದು, ಪ್ರೋಬ್ ಕದಲದಂತೆ ಭದ್ರಪಡಿಸುವುದು. ಬಿಸಿ ತುದಿಯ ಗೋಡೆಗೆ, ಬೆನ್ನಿನ ಎತ್ತರದಲ್ಲಿ, ರಂಧ್ರಗಳಿರುವ ಗಟ್ಟಿ ಕೊಳವೆಯೊಳಗೆ ಅದನ್ನು ಕೂರಿಸಿ, ತಂತಿಯನ್ನು ಗೋಡೆಯ ತೂತಿನಿಂದ ನೇರವಾಗಿ ಹೊರಗೆ ತೆಗೆದಿದ್ದೇನೆ. ನೀರಿನ ತಟ್ಟೆಗೆ ಬೀಳುವ ಸಾಧ್ಯತೆ ಇರಕೂಡದು; ಅದೂ ಇದೇ ಅನಾಹುತ. ಎರಡನೆಯದು, ಮೇಲ್ಮಿತಿಗೆ ಬೇರೆಯೇ ಥರ್ಮೋಸ್ಟಾಟ್. ಗೋಡೆಯ ಪ್ಲಗ್ಗಿಗೆ ಮೊದಲು ಒಂದು ಸಾದಾ ಆನ್-ಆಫ್ ಥರ್ಮೋಸ್ಟಾಟ್, ಅದರ ಮೂಲಕ ದಿನನಿತ್ಯದ ಥರ್ಮೋಸ್ಟಾಟ್. ಮೊದಲನೆಯದನ್ನು 4 ಡಿಗ್ರಿ ಹೆಚ್ಚಿಗೆ ಇಟ್ಟು, ಅದರ ಪ್ರೋಬನ್ನು ಬೇರೆ ಜಾಗದಲ್ಲಿ ಕಟ್ಟಿದರೆ, ಒಂದು ಹುಚ್ಚಾದರೂ ಇನ್ನೊಂದು ತಡೆಯುತ್ತದೆ. ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು, ಯಾರೂ ಮಾಡದ್ದು: ಬಡ ಹೀಟರನ್ನೇ ಕೊಳ್ಳಿ. ಇಡೀ ದಿನ ಪೂರ್ತಿ ಉರಿದರೂ ಗೂಡನ್ನು ಬೇಯಿಸಲಾಗದಷ್ಟು ಕಡಿಮೆ ವ್ಯಾಟಿನದು. ಯಾವುದೇ ಉಪಕರಣ ಕೆಡುವುದು ಖಂಡಿತ. ಅದು ಕೆಟ್ಟ ದಿನ ಎಷ್ಟು ಹಾನಿ ಮಾಡಬಲ್ಲದು ಎಂಬುದನ್ನು ಕೊಳ್ಳುವ ದಿನವೇ ತೀರ್ಮಾನಿಸಬಹುದು.

ಬಲ್ಬಿಗೆ ಡಿಮ್ಮರ್ ಬಗೆಯ ಥರ್ಮೋಸ್ಟಾಟ್ ಬೇಕು. ಆನ್-ಆಫ್ ಬಗೆಯದನ್ನು ದಿನನಿತ್ಯದ ನಿಯಂತ್ರಣಕ್ಕೆ ಹಾಕಿದರೆ ಬಲ್ಬು ದಿನವಿಡೀ ಹತ್ತಿ ಆರಿ ಬೇಗ ಸಾಯುತ್ತದೆ, ಆಮೆಗೂ ತಲೆ ಕೆಡುತ್ತದೆ. ಬೆಳಕಿಲ್ಲದ ಸೆರಾಮಿಕ್ ಹೀಟರಿಗೆ ಆನ್-ಆಫ್ ಅಥವಾ ಪಲ್ಸ್ ಬಗೆ (ವಿದ್ಯುತ್ತನ್ನು ಬಿಟ್ಟುಬಿಟ್ಟು ಕೊಡುವಂಥದ್ದು) ಸಾಕು. ಬಿಸಿ ಮತ್ತು ಯುವಿ-ಬಿ ಎರಡನ್ನೂ ಕೊಡುವ ಮರ್ಕ್ಯುರಿ ವೇಪರ್ ಬಲ್ಬುಗಳನ್ನು ಮಾತ್ರ ಡಿಮ್ಮರಿಗೆ ಹಾಕಲೇಬಾರದು.

ರಾತ್ರಿ

ರಾತ್ರಿ ಬಿಸಿ ಇಳಿಯಬೇಕು. ಹರ್ಮನ್ ಜಾತಿಗೆ ಕೋಣೆ 15ಕ್ಕಿಂತ ಕೆಳಗೆ ಹೋಗದಿದ್ದರೆ ಎಲ್ಲವನ್ನೂ ಆರಿಸಿ ಮಲಗಿ. ಅದಕ್ಕಿಂತ ತಣ್ಣಗಾಗುವ ಮನೆಯಾದರೆ, ಅಥವಾ ಬಿಸಿನಾಡಿನ ಜಾತಿಯಾದರೆ ಸೆರಾಮಿಕ್ ಹೀಟರ್ ಹಾಕಿ. ಅದರ ಮೈ ಮುಟ್ಟಿದರೆ ಬೊಬ್ಬೆ ಏಳುವಷ್ಟು ಬಿಸಿಯಾಗುತ್ತದೆ, ನೋಡಲು ಮಾತ್ರ ಆರಿದಂತೆಯೇ ಇರುತ್ತದೆ. ಸುತ್ತ ತಂತಿಬಲೆ ಇರಲಿ. ‘ರಾತ್ರಿಯ ಬಲ್ಬು’ ಎಂದು ಮಾರುವ ಕೆಂಪು, ನೀಲಿ ಬಲ್ಬುಗಳಿಂದ ದೂರವಿರಿ. ಆಮೆಗೆ ಬಣ್ಣ ಕಾಣುತ್ತದೆ. ಇಡೀ ರಾತ್ರಿ ಕೆಂಪು ದೀಪದ ಕೆಳಗೆ ನೀವು ಮಲಗುವಿರಾ?

ತಣ್ಣಗಿರುವುದಕ್ಕಿಂತ ತಣ್ಣಗೆ ಒದ್ದೆಯಾಗಿರುವುದು ಕೆಟ್ಟದ್ದು. ಮಣ್ಣಿನ ಅಡಿಪದರ ತೇವವಾಗಿ, ಮೇಲ್ಪದರ ಒಣಗಿ ಇರಲಿ. ತೆಂಗಿನ ನಾರಿನ ಪುಡಿ ಮತ್ತು ಮಣ್ಣಿನ ಮಿಶ್ರಣ 10 ಸೆಂ.ಮೀ. ಆಳಕ್ಕೆ ಹಾಕಿದರೆ ಹೂತುಕೊಳ್ಳಲೂ ಆಗುತ್ತದೆ. ನೀರು ಹಾಕುವುದು, ಆಮೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸುವುದು ಎಲ್ಲವೂ ಬೆಳಿಗ್ಗೆ ಆಗಲಿ, ಮೈ ಒಣಗಲು ಇಡೀ ಹಗಲು ಸಿಗುತ್ತದೆ.

ಚಳಿನಿದ್ರೆಯ ಬಗ್ಗೆ ಕೇಳುವವರಿದ್ದಾರೆ. ಹರ್ಮನ್, ಗ್ರೀಕ್, ರಷ್ಯನ್ ಆಮೆಗಳು ಸುಮಾರು 5 ಡಿಗ್ರಿಯಲ್ಲಿ ನಿದ್ರಿಸಬಲ್ಲವು. ಸಲ್ಕಾಟಾ, ಲೆಪರ್ಡ್, ಕೆಂಪು ಕಾಲಿನವು ನಿದ್ರಿಸುವುದಿಲ್ಲ, ಸಾಯುತ್ತವೆ. ಪಶುವೈದ್ಯರು ಪರೀಕ್ಷಿಸದ ಆಮೆಯನ್ನು ಮಲಗಿಸಬೇಡಿ. ಇಡೀ ದಿನ 12, 13 ಡಿಗ್ರಿಯಲ್ಲಿ ಬಿಟ್ಟು ‘ಚಳಿಗಾಲ, ಮಂಕಾಗಿದೆ’ ಎಂದು ಸುಮ್ಮನಿರುವುದಂತೂ ಅತ್ಯಂತ ಕೆಟ್ಟದ್ದು. ಅದು ನಿದ್ರೆಯೂ ಅಲ್ಲ, ಎಚ್ಚರವೂ ಅಲ್ಲ, ತಿಂದದ್ದು ಹೊಟ್ಟೆಯಲ್ಲಿ ಕೊಳೆಯುತ್ತದೆ.

ಅಮಲ್ದಾರರ ವರದಿ

ಗೂಡಿನ ಪಕ್ಕ ಒಂದು ನೋಟ್ ಪುಸ್ತಕ ತೂಗುಹಾಕಿದ್ದೇನೆ. ಎರಡು ಥರ್ಮಾಮೀಟರುಗಳ ಕನಿಷ್ಠ, ಗರಿಷ್ಠ, ಜೊತೆಗೆ ಒಂದು ಸಾಲು: ಅಮಲ್ದಾರರು ಎಲ್ಲಿದ್ದರು. ಮೊದಲ ನಾಲ್ಕು ಅಂಕಿಗಳಿಗಿಂತ ಕೊನೆಯ ಸಾಲಿಗೆ ಬೆಲೆ ಹೆಚ್ಚು. ಬೆಳಿಗ್ಗೆ ಒಂದು ಗಂಟೆ ಬಿಸಿಲು ಕಾಯಿಸಿ, ಆಮೇಲೆ ತಿಂದು, ತಿರುಗಾಡಿ, ಮಧ್ಯಾಹ್ನ ನೆರಳಿಗೆ ಹೋದರೆ ಹದ ಸರಿಯಾಗಿದೆ. ದಿನವಿಡೀ ಬಲ್ಬಿನ ಕೆಳಗಿಂದ ಕದಲದಿದ್ದರೆ ಬಿಸಿ ಸಾಲದು, ಅಥವಾ ಗೂಡಿನ ಉಳಿದ ಭಾಗ ತೀರಾ ತಣ್ಣಗಿದೆ. ಬಲ್ಬಿನ ಹತ್ತಿರವೇ ಸುಳಿಯದೆ ತಂಪು ಮೂಲೆಯಲ್ಲಿ ಹೂತುಕೊಂಡರೆ ಬಿಸಿ ಹೆಚ್ಚು. ಗೋಡೆಯುದ್ದಕ್ಕೂ ಗಾಬರಿಯಿಂದ ಓಡಾಡುತ್ತಾ, ಬಾಯಲ್ಲಿ ನೊರೆ ಬಂದರೆ ಅದು ಅಪಾಯ: ದೀಪಗಳನ್ನು ಆರಿಸಿ, ಹೊರತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ವೈದ್ಯರಿಗೆ ಫೋನ್ ಮಾಡಿ. ಐಸ್ ನೀರು ಬೇಡ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಕತ್ತು ಚಾಚಿ ಸಿಳ್ಳೆಯಂಥ ಸದ್ದು, ಇವು ಕಂಡರೂ ವೈದ್ಯರೇ. ಬಿಸಿ ಏರಿಸಿ ಕಾದು ನೋಡೋಣ ಎಂದು ವಾರ ಕಳೆಯಬಾರದು.

ಬೇಸಿಗೆಯಲ್ಲಿ ಇದೆಲ್ಲ ತಲೆಕೆಳಗು. ಕೋಣೆಯೇ 33, 34 ಇರುವ ದಿನ ಬಿಸಿಯ ಬಲ್ಬಿಗೆ ರಜೆ. ಯುವಿ ಟ್ಯೂಬ್ ಮಾತ್ರ ಉರಿಯಲಿ. ತಂಪು ತುದಿ 30 ದಾಟಿದರೆ ಮಣ್ಣನ್ನು ತೇವ ಮಾಡಿ, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿಯನ್ನು ಗೋಡೆಯ ಹೊರಗಡೆ ಒರಗಿಸಿ.

ಚಳಿಗಾಲದಲ್ಲಿ ಕರೆಂಟು ಹೋದರೆ ಗಾಬರಿ ಬೇಡ. ಬೆಳೆದ ಆಮೆ ನಿಧಾನವಾಗಿ ತಣ್ಣಗಾಗುತ್ತದೆ. ಗೂಡಿನ ಮೇಲೆ ಕಂಬಳಿ ಹೊದಿಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಮೂಲೆಯಲ್ಲಿಟ್ಟರೆ ಒಂದು ರಾತ್ರಿ ದಾಟುತ್ತದೆ. ಕಂಬಳಿ ಹೊದಿಸುವ ಮೊದಲು ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿ. ನಡುರಾತ್ರಿ ಕರೆಂಟು ಬಂದು ಕಂಬಳಿಯ ಕೆಳಗೆ ಬಲ್ಬು ಹತ್ತಿಕೊಂಡರೆ ಕತೆ ಮುಗಿಯಿತು. ಆ ಹೊತ್ತಿಗೆ ತಿನ್ನಲು ಏನೂ ಹಾಕಬೇಡಿ. ಬಿಸಿ ಮರಳಿದ ಮೇಲೆ ಊಟ.

ನಾನು ಊರಿಗೆ ಹೋಗುವ ದಿನಗಳಲ್ಲಿ ಮೇಲಿನ ಮನೆಯ ಹುಡುಗಿ ಬಂದು ನೋಡಿಕೊಳ್ಳುತ್ತಾಳೆ. ಅವಳಿಗೆಂದು ಗೂಡಿನ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಮೂರೇ ಸಾಲು. ‘ಕಲ್ಲಿನ ಮೇಲೆ 38 ದಾಟಿದ್ದರೆ ಕೆಂಪು ಸ್ವಿಚ್ ಆರಿಸು. ತಂಪು ತುದಿ 15ಕ್ಕಿಂತ ಕೆಳಗಿದ್ದರೆ ಸೊಪ್ಪು ಹಾಕಬೇಡ, ನನಗೆ ಫೋನ್ ಮಾಡು. ಅಮಲ್ದಾರರು ಕಾಣದಿದ್ದರೆ ಹುಡುಕುತ್ತಾ ಮಣ್ಣು ಕೆದಕಬೇಡ, ನಾಳೆ 7.20ಕ್ಕೆ ಬಾ.’